ಟೇಸನ್ ಗಾಡಿಯ ಹಿಮ್ಮುಖ ಸೀಟು

ಕೊಟ್ಟೂರಿನ ಪಾಲಾಕ್ಷಪ್ಪನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿ.ಪಿ. ಇರಲಿಲ್ಲ, ಅರವತ್ತು ದಾಟಿದರೂ ಕನ್ನಡಕ ಬೇಕಿರಲಿಲ್ಲ. ಅವನಿಗಿದ್ದ ಕಾಯಿಲೆ ಒಂದೇ. ಅದರ ಹೆಸರು ಹುಲುಗಣ್ಣ.

ಇಬ್ಬರದೂ ಬಾಡಿಗೆ ಗಾಡಿ. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಗಣಿ ಕಂಪನಿಯೊಂದು ತನ್ನ ಹಳೇ ಗಾಡಿಗಳನ್ನು ಹರಾಜಿಗಿಟ್ಟಾಗ ಇಬ್ಬರೂ ಒಂದೇ ಲಾರಿ ಹತ್ತಿ ಹೋಗಿ, ಒಂದೇ ನಮೂನೆಯ ಎರಡು ಅಮೆರಿಕದ ಸ್ಟೇಷನ್ ವ್ಯಾಗನ್ ಹಿಡಿದುಕೊಂಡು ಬಂದಿದ್ದರು. ಇವು ರೈಲ್ವೆ ಸ್ಟೇಷನ್ನಿನ ಗಾಡಿಗಳಿರಬೇಕೆಂದು ಊರವರು ‘ಟೇಸನ್ ಗಾಡಿ’ ಅಂದರು. ಹೆಸರು ಅದೇ ನಿಂತಿತು. ಪೆಟ್ರೋಲ್ ಕುಡಿಯುವ ಎಂಜಿನ್ ಕಿತ್ತು ಇಬ್ಬರೂ ಡೀಸೆಲ್ ಎಂಜಿನ್ ಕೂರಿಸಿದರು. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಕೂಗಿ ಜನ ತುಂಬಿಸುತ್ತಿದ್ದರು.

ವ್ಯತ್ಯಾಸವಿದ್ದದ್ದು ಡಿಕ್ಕಿಯಲ್ಲಿ. ಹುಲುಗಣ್ಣನ ಗಾಡಿಯ ಡಿಕ್ಕಿಯಲ್ಲಿ ಒಂದು ಸೀಟಿತ್ತು, ಅದೂ ಹಿಮ್ಮುಖವಾಗಿ. ಅಲ್ಲಿ ಕೂತವರು ಹೋಗುವ ಊರಿಗೆ ಬೆನ್ನು ಹಾಕಿ, ಬಿಟ್ಟುಬಂದ ಊರನ್ನು ನೋಡುತ್ತ ಹೋಗಬೇಕು. ಮಕ್ಕಳು ಅದಕ್ಕಾಗಿ ಜಗಳವಾಡುತ್ತಿದ್ದವು. ಪಾಲಾಕ್ಷಪ್ಪನ ಗಾಡಿಯಲ್ಲಿ ಆ ಜಾಗ ಬರೀ ಚಪ್ಪಟೆ ನೆಲ.

ಬರೀ ಅಂದರೆ ಅವನು ಸಿಟ್ಟಾಗುತ್ತಿದ್ದ, ಯಾಕೆಂದರೆ ಆ ನೆಲದ ನಡುವೆ ದೇವರಿತ್ತು. ಹೆಬ್ಬೆರಳು ಗಾತ್ರದ, ತಲೆ ದುಂಡಗಿನ, ಪಳಪಳ ಹೊಳೆಯುವ ಒಂದು ಗುಬುಟು, ಸುತ್ತ ಬಟ್ಟಲಿನಂಥ ಅಂಚು. ಗಾಡಿ ತಂದ ದಿನ ತೊಳೆಯುವಾಗ ಆ ಬಟ್ಟಲಲ್ಲಿ ನೀರು ನಿಂತದ್ದು ಕಂಡು ಪಾಲಾಕ್ಷಪ್ಪನ ಮೈ ಜುಮ್ಮೆಂದಿತು. ಪೀಠ ಸಮೇತ ಸಾಕ್ಷಾತ್ ಲಿಂಗ! “ಕೊಟ್ಟೂರಯ್ಯ ತಾನ ಗಾಡಿ ಹತ್ತಿ ಬಂದಾನ” ಅಂತ ಅಲ್ಲೇ ಅಡ್ಡಬಿದ್ದ. ಅಂದಿನಿಂದ ಸೋಮವಾರಕ್ಕೊಮ್ಮೆ ವಿಭೂತಿ, ಪತ್ರೆ. ಡಿಕ್ಕಿಗೆ ಗಂಟುಮೂಟೆ ಇಡುವವರು ಚಪ್ಪಲಿ ಬಿಟ್ಟೇ ಇಡಬೇಕು. ತಂಬ್ರಹಳ್ಳಿಯ ಮೈಲಪ್ಪ ಒಮ್ಮೆ ಮೆಣಸಿನಕಾಯಿ ಚೀಲ ತಾಗಿಸಿದ್ದಕ್ಕೆ ಅರ್ಧ ದಾರಿಯಲ್ಲಿ ಇಳಿಸಿಯೇ ಬಿಟ್ಟಿದ್ದ.

ಹುಲುಗಣ್ಣನ ಗಾಡಿಯಲ್ಲಿ ಲಿಂಗವಿರಲಿಲ್ಲ. ಸೀಟಿನ ಪಕ್ಕ ಅಂಥದೇ ಒಂದು ಬಟ್ಟಲೇನೋ ಇತ್ತು, ಆದರೆ ಅದರ ನಡುವೆ ಮುರಿದ ಮೊಂಡು ಮಾತ್ರ. “ಅವಂಗ ದೇವ್ರು ನಿಲ್ಲಂಗಿಲ್ಲ ಬಿಡ್ರಿ” ಅನ್ನುತ್ತ ಪಾಲಾಕ್ಷಪ್ಪ ಹದಿನೈದು ವರ್ಷ ತಕ್ಕಮಟ್ಟಿಗೆ ನೆಮ್ಮದಿಯಾಗಿಯೇ ಇದ್ದ.

ನೆಮ್ಮದಿ ಕೆಡಿಸಿದ್ದು ಅವನ ಹೆಂಡತಿ ನೀಲಗಂಗಮ್ಮ. ತೊಂಬತ್ತೆರಡರಲ್ಲಿ ಅವಳು ತಮ್ಮನ ಮದುವೆಗೆಂದು ತವರು ಹಲವಾಗಲಿಗೆ ಹೋಗಿದ್ದಳು. ವಾಪಸ್ ಬರುವ ದಿನ ಪಾಲಾಕ್ಷಪ್ಪನ ಗಾಡಿಯ ಕ್ಲಚ್ ಕೈಕೊಟ್ಟು, ಅವಳನ್ನು ಕರೆತಂದವನು ಹುಲುಗಣ್ಣ. ಬಂದವಳು ಚಹಾ ಸೋಸುತ್ತ, ಕೆಟ್ಟದ್ದೇನೂ ಮನಸ್ಸಿನಲ್ಲಿಲ್ಲದೆ ಹೇಳಿದಳು:

“ಅಲ್ರೀ, ಆ ಹಿಂದಿನ ಸೀಟಿನಾಗ ಕುಂತಿದ್ನಿ. ನಮ್ಮವ್ವ ಬಾಗಿಲಾಗ ನಿಂತಾಕಿ ಹೊಳಿ ತಿರುವಿನ ತನಕ ಕಾಣ್ತಿದ್ಲು ನೋಡ್ರಿ. ಮದಿವ್ಯಾಗಿ ಇಷ್ಟ್ ವರ್ಷಾತು, ಒಂದ್ ಸಲಾನೂ ತವರು ಹಿಂಗ ಕಣ್ತುಂಬ ನೋಡಿರಲಿಲ್ಲ. ಎಂಥಾ ಗಾಡಿ ಮಾಡ್ಯಾನ ಹುಲುಗಣ್ಣ!”

ಪಾಲಾಕ್ಷಪ್ಪ ಅವಳು ಕೊಟ್ಟ ಚಹಾ ಪಕ್ಕಕ್ಕಿಟ್ಟ. ಅವಳು ಅವನ ಗಾಡಿಯನ್ನು ಒಂದು ದಿನವೂ ಹೀಗೆ ಹೊಗಳಿರಲಿಲ್ಲ. “ಇನ್ನೊಮ್ಮಿ ಆ ಗಾಡಿ ಹತ್ತಿದ್ಯೋ, ನೋಡು” ಅಂದ. ಅವಳು ಹತ್ತಲಿಲ್ಲ. ಆಮೇಲೆ ತವರಿಗೆ ಹೋದಾಗಲೆಲ್ಲ ಗಂಡನ ಪಕ್ಕ ಮುಂದಿನ ಸೀಟಿನಲ್ಲಿ ಕೂತು, ಕತ್ತು ನೋಯುವ ತನಕ ಹಿಂದಕ್ಕೆ ಹೊರಳಿ ನೋಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಪಾಲಾಕ್ಷಪ್ಪನ ಹೊಟ್ಟೆ ಉರಿಯುತ್ತಿತ್ತು.

ಉರಿಗೆ ಔಷಧ ಹುಡುಕಿದ. ಹಗರಿಬೊಮ್ಮನಹಳ್ಳಿಯ ಕುಶನ್ ಅಂಗಡಿಯಲ್ಲಿ ಹಳೇ ಬಸ್ಸಿನ ಸೀಟೊಂದನ್ನು ತಿರುಗಿಸಿ ಡಿಕ್ಕಿಯಲ್ಲಿ ಕೂರಿಸಿದ. ಲಿಂಗವಿರುವ ನೆಲಕ್ಕೆ ತೂತು ಹಾಕಲು ಮನಸ್ಸು ಬರಲಿಲ್ಲ, ಹಗ್ಗದಲ್ಲಿ ಬಿಗಿಸಿದ. ಕಾನಹೊಸಹಳ್ಳಿಯ ರಸ್ತೆಯುಬ್ಬಿನಲ್ಲಿ ಹಗ್ಗ ಹರಿದು ಸೀಟು ಮಗುಚಿತು. ಅದರಲ್ಲಿ ಕೂತಿದ್ದ ಬೀಗರಿಬ್ಬರು ಈರುಳ್ಳಿ ಚೀಲದ ಮೇಲೆ ಕಾಲು ಮೇಲಾಗಿ ಬಿದ್ದರು. ಸುದ್ದಿ ಐದು ತಾಲೂಕಿಗೂ ಅವನಿಗಿಂತ ಮೊದಲು ಮುಟ್ಟಿತು. ನಗಬೇಕಾದ ಹುಲುಗಣ್ಣ ನಗದೆ, “ಪೆಟ್ಟು ಗಿಟ್ಟು ಆಗಿಲ್ಲಲ್ಲ ಅಣ್ಣಾರ?” ಅಂತ ಕೇಳಿದ್ದು ಪಾಲಾಕ್ಷಪ್ಪನನ್ನು ಇನ್ನಷ್ಟು ಉರಿಸಿತು.

ತೊಂಬತ್ತೊಂಬತ್ತರ ಚಳಿಗಾಲದಲ್ಲಿ ದಾವಣಗೆರೆಯಿಂದ ಗಂಗಾಧರ್ ಅನ್ನುವ ನಿವೃತ್ತ ಎಂಜಿನಿಯರ್ ಬಂದರು. ಅವರಿಗೆ ಹಳೇ ಕಾರುಗಳ ಹುಚ್ಚು. ಹೊಸಪೇಟೆಯಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯಲಿತ್ತು, ಒಂದು ನಮೂನೆಯ ಒಂದೇ ಗಾಡಿಗೆ ಜಾಗ. ಬೇವಿನ ಮರದ ಕೆಳಗಿನ ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ನೋಡಲು ಬಂದಿದ್ದರು.

ಹುಲುಗಣ್ಣನ ಡಿಕ್ಕಿ ತೆಗೆದವರೇ ಗಂಗಾಧರ್ ಕುಣಿಯುವುದೊಂದು ಬಾಕಿ. “ಅಯ್ಯೋ, ಈ ಸೀಟು! ಗಾಡಿ ಬುಕ್ ಮಾಡುವಾಗ ಕೇಳಿ ಹಾಕಿಸಿಕೊಂಡವರಿಗೆ ಮಾತ್ರ ಕಾರ್ಖಾನೆಯವರು ಕೊಡ್ತಿದ್ದರು ಕಣ್ರಿ. ನಾನು ಚಿತ್ರದಲ್ಲಿ ನೋಡಿದ್ದು ಬಿಟ್ರೆ ಇವತ್ತೇ ನೋಡಿದ್ದು.”

ಪಾಲಾಕ್ಷಪ್ಪನ ಬಾಯಿ ಸುಮ್ಮನಿರಲಿಲ್ಲ. “ಡೂಪ್ಲಿಕೇಟ್ ಸರ್ ಅದು. ಇವ ಆಮ್ಯಾಗ ಹಾಕಿಸ್ಯಾನ. ನಾನ ಕಣ್ಣಾರೆ ನೋಡೀನಿ.”

ಅಪ್ಪಟ ಸುಳ್ಳು. ಹುಲುಗಣ್ಣ ತಲೆ ತಗ್ಗಿಸಿದ. ಗಂಗಾಧರ್ ಚೀಲದಿಂದ ಕಾರ್ಖಾನೆಯ ಹಳೇ ಪುಸ್ತಕ ತೆಗೆದು, ಚಿತ್ರಕ್ಕೂ ಸೀಟಿಗೂ ತಾಳೆ ನೋಡಿ, “ಇಲ್ಲ, ಅಸಲಿ” ಅಂದರು. ಆಮೇಲೆ ಪಾಲಾಕ್ಷಪ್ಪನ ಡಿಕ್ಕಿಗೆ ಬಗ್ಗಿದರು. ವಿಭೂತಿ ಬಳಿದ ಗುಬುಟನ್ನು ನೋಡಿದರು, ಪುಸ್ತಕ ನೋಡಿದರು, ಮತ್ತೆ ಗುಬುಟು ನೋಡಿದರು.

“ಇದನ್ನ ಮೇಲಕ್ಕೆ ಎಳೀರಿ” ಅಂದರು.

“ದೇವ್ರು ಸರ್ ಅದು!”

ಗಂಗಾಧರ್ ಪುಟ ತಿರುಗಿಸಿ ತೋರಿಸಿದರು. ಬಿಳಿ ಹೆಂಗಸೊಬ್ಬಳು ನಗುನಗುತ್ತ, ಎರಡೇ ಬೆರಳಿನಲ್ಲಿ ಪಾಲಾಕ್ಷಪ್ಪನ ಲಿಂಗವನ್ನು ಎಳೆಯುತ್ತಿದ್ದಳು. ಪಕ್ಕದ ಚಿತ್ರದಲ್ಲಿ ನೆಲವೇ ಎದ್ದು ಸೀಟಾಗಿತ್ತು.

ಪಾಲಾಕ್ಷಪ್ಪ ಕೈ ಚಾಚಿ, ಹಿಂದಕ್ಕೆಳೆದುಕೊಂಡ. ಇಪ್ಪತ್ತಮೂರು ವರ್ಷದ ಸೋಮವಾರಗಳು. ಆಗ ಹುಲುಗಣ್ಣ ಹತ್ತಿರ ಬಂದು ಮೆಲ್ಲಗೆ ಅಂದ: “ಬ್ಯಾಡ ಬಿಡ್ರಿ ಅಣ್ಣಾರ. ದೇವ್ರಂತ ನಂಬೀರಿ, ಹಂಗ ಇರ್ಲಿ. ಹೊಸಪ್ಯಾಟಿಗೆ ನಿಮ್ಮ ಗಾಡೀನ ಹೋಗ್ಲಿ. ನಂದು ಇಲ್ಲೇ ಇರ್ತೈತಿ.”

ಅವನ ಸೀಟಿನ ಮೇಲಿದ್ದ ಹೊಟ್ಟೆಕಿಚ್ಚು ಸಾಲದೆಂಬಂತೆ ಈಗ ಅವನ ಒಳ್ಳೆಯತನದ ಮೇಲೂ ಶುರುವಾಯಿತು. ಇವನು ಬಿಟ್ಟುಕೊಟ್ಟದ್ದನ್ನು ನಾನು ತಗೊಳ್ಳಬೇಕೆ? ಪಾಲಾಕ್ಷಪ್ಪ ಕಣ್ಣು ಮುಚ್ಚಿ, “ತಪ್ಪಾತಪ್ಪೋ ಕೊಟ್ಟೂರಯ್ಯ” ಅಂದು, ಗುಬುಟು ಹಿಡಿದು ಎಳೆದ.

ನೆಲ ಕಿರುಗುಟ್ಟಿತು. ಪತ್ರೆ, ವಿಭೂತಿ, ಹಳೇ ಮೆಣಸಿನಕಾಯಿ ಬೀಜ ಎಲ್ಲ ಜಾರಿ, ಒಳಗಿಂದ ಕೆಂಪು ಸೀಟು ಎದ್ದು ನಿಂತಿತು. ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಕೂಡ ಹಾಗೇ ಇತ್ತು. ಗಣಿಯವರೂ ಅದರಲ್ಲಿ ಕೂತಿರಲಿಲ್ಲ.

“ಇದು, ಇದೇ ಹೋಗಬೇಕು” ಅಂದರು ಗಂಗಾಧರ್. ಹುಲುಗಣ್ಣ ಚಪ್ಪಾಳೆ ತಟ್ಟಿದ.

ಪಾಲಾಕ್ಷಪ್ಪ ಅದ್ಯಾವುದನ್ನೂ ಕೇಳಿಸಿಕೊಳ್ಳದೆ ಮನೆಗೆ ಓಡಿದ. ಹಿಟ್ಟಿನ ಕೈಯಲ್ಲಿದ್ದ ನೀಲಗಂಗಮ್ಮನನ್ನು ಹಾಗೇ ಕರೆತಂದು ಡಿಕ್ಕಿಯ ಮುಂದೆ ನಿಲ್ಲಿಸಿದ. “ಹತ್ತು. ಈಗಿಂದೀಗ ಹಲವಾಗಲಿಗೆ ಹೋಗಿ ಬರಾಣು. ವಾಪಸ್ ಬರಾಗ ಹೊಳಿ ತಿರುವಿನ ತನಕ ನೋಡಿಯಂತ.”

ಅವಳು ಕೈ ಸೆರಗಿಗೆ ಒರೆಸಿಕೊಂಡು ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿದಳು. ಡಿಕ್ಕಿಯ ಎತ್ತರ ನೋಡಿದಳು.

“ನನ್ನ ಮಣಕಾಲು ಮಡಚಂಗಿಲ್ಲ, ನಿಮಗ ಗೊತ್ತಿಲ್ಲೇನು? ಅಲ್ದ, ಅವ್ವ ಹೋಗಿ ಮೂರ್ ವರ್ಷಾತು. ಬಾಗಿಲಾಗ ಯಾರ್ ನಿಂತಿರ್ತಾರಂತ ನೋಡ್ಲಿ?” ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ರೊಟ್ಟಿ ಹಂಚಿನ ಮೇಲಿದೆ ಅಂತ ಮನೆಗೆ ಹೊರಟಳು.

ಪಾಲಾಕ್ಷಪ್ಪ ತಾನೇ ಹತ್ತಿ ಆ ಸೀಟಿನಲ್ಲಿ ಕೂತ. ಕೆಳಗೆ ಪ್ಲಾಸ್ಟಿಕ್ ಚರಚರ ಅಂದಿತು. ಎದುರಿಗೆ ಡಿಕ್ಕಿ ತೆರೆದುಕೊಂಡು ಹುಲುಗಣ್ಣನ ಗಾಡಿ ನಿಂತಿತ್ತು. ಅದರ ಸೀಟು ಸವೆದು ನಾರು ಹೊರಬಿದ್ದಿತ್ತು, ಮಕ್ಕಳು ಅಂಚಿನ ತುಂಬ ಹೆಸರು ಕೆತ್ತಿದ್ದರು. ಆ ಸವೆತದಲ್ಲಿ ನೀಲಗಂಗಮ್ಮನದೂ ಒಂದು ಸಂಜೆ ಇತ್ತು. ಪಾಲಾಕ್ಷಪ್ಪನ ಹೊಟ್ಟೆ ಮತ್ತೆ ಉರಿಯತೊಡಗಿತು.