ಲೇತ್ ತುಳಿಯುವ ಚೆನ್ನಕೇಶವನ್

ಕೊಯಮತ್ತೂರಿನ ಮೆಟ್ಟುಪಾಳ್ಯಂ ರಸ್ತೆಯ ನಮ್ಮ ವರ್ಕ್‌ಶಾಪಿಗೆ ಎಂಬತ್ತನಾಲ್ಕರಲ್ಲಿ ಅಪ್ರೆಂಟಿಸ್ ಆಗಿ ಬಂದ ಚೆನ್ನಕೇಶವನ್ ನೇಕಾರರ ಮನೆಯವನೆಂದು ಯಾರೂ ಹೇಳಬೇಕಾಗಿರಲಿಲ್ಲ, ಅವನ ಕಾಲುಗಳೇ ಹೇಳುತ್ತಿದ್ದವು. ಏಳು ವರ್ಷ ಅಪ್ಪನ ಮಗ್ಗ ತುಳಿದ ಕಾಲುಗಳು ಅವು. ಕೈ ಕಬ್ಬಿಣ ಕಡೆಯುವ ಲೇತಿನ ಹಿಡಿ ತಿರುಗಿಸಿತೆಂದರೆ ಸಾಕು, ಕೆಳಗೆ ಎಡ, ಬಲ, ಎಡ, ಬಲ ಎಂದು ಇಲ್ಲದ ಮಗ್ಗವನ್ನು ತುಳಿಯತೊಡಗುತ್ತಿದ್ದವು. ಮೈಯೆಲ್ಲ ಅಲ್ಲಾಡಿ ಶಾಫ್ಟಿನ ಅಳತೆ ತಪ್ಪುತ್ತಿತ್ತು. ಫೋರ್‌ಮನ್ ಗೋವಿಂದಸಾಮಿಯವರು ಮಾತ್ರ, ಪಾಪ, ಇವನಿಗೆ ಒಂದಕ್ಕೆ ಅವಸರವಾಗಿದೆ ಎಂದುಕೊಂಡು, "ಪೋಡಾ, ಪೋಯಿಟ್ಟು ವಾ!" ಎಂದು ತಮಿಳಿನಲ್ಲಿ ಗದರಿ ಕಳಿಸುತ್ತಿದ್ದರು. ಹಿರಿಯರ ಮಾತು ಮೀರುವವನಲ್ಲ ಇವನು; ದಿನಕ್ಕೆ ಹನ್ನೊಂದು ಸಲ ಹೋಗಿ ಬರುತ್ತಿದ್ದ. ಮರುಗಿದ ಫೋರ್‌ಮನ್ ಮನೆಯಿಂದ ಬಾರ್ಲಿ ನೀರು ತಂದು ಕುಡಿಸಿದರು. ಆಮೇಲೆ ನಿಜವಾಗಿಯೇ ಅವಸರವಾಗತೊಡಗಿತು. "ಕೈ ನಡೆದ್ರೆ ಕಾಲೂ ನಡೀತದಣ್ಣಾ, ನಾನೇನ್ ಮಾಡ್ಲಿ?" ಎಂದು ನನ್ನ ಹತ್ತಿರ ನಮ್ಮಿಬ್ಬರ ಮನೆಮಾತಾದ ಕನ್ನಡದಲ್ಲಿ ಗೋಳು ತೋಡಿಕೊಳ್ಳುತ್ತಿದ್ದ. ಒಂದು ಸೋಮವಾರ ಆ ಕಾಲುಗಳು ನಿಂತೇಬಿಟ್ಟವು. ಅಂದು ಅವನು ಕಡೆದ ಶಾಫ್ಟ್ ಮೊದಲ ಸಲ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಬಂತು. "ಇಪ್ಪತಾನ್ ನೀ ಮೆಷಿನಿಸ್ಟ್!" ಈಗ ನೋಡು ನೀನು ಮೆಷಿನಿಸ್ಟ್ ಆದೆ, ಎಂದು ಫೋರ್‌ಮನ್ ಬೆನ್ನು ತಟ್ಟಿದರು. ಹಿಂದಿನ ದಿನ ಅಪ್ಪ ಮಗ್ಗವನ್ನು ಬಿಚ್ಚಿ ಮಾರಿದ್ದನ್ನು ಅವನು ನನಗೊಬ್ಬನಿಗೇ ಹೇಳಿದ್ದ. ಖುಷಿಯ ಭರದಲ್ಲಿ ಫೋರ್‌ಮನ್ ಅಭ್ಯಾಸಬಲದಿಂದ, "ಪೋಯಿಟ್ಟು ವಾ" ಎಂದರು. ಹೋದ. ಎಷ್ಟು ಹೊತ್ತಾದರೂ ಬಾರದಿದ್ದಾಗ ಹುಡುಕಿಕೊಂಡು ಹೋದೆ. ಪಾಯಿಖಾನೆಯ ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಕಾಲುಗಳು ಕಾಣುತ್ತಿದ್ದವು: ಎಡ, ಬಲ, ಎಡ, ಬಲ.