ಹಿಂಬದಿಗೆ ಎರಡು ತಟ್ಟು

ಮಣ್ಣಗುಡ್ಡದ ನಮ್ಮ ಮನೆಗೆ ಯಾರು ಬಂದರೂ ಅಮ್ಮ ಚಹಾ ಕೊಡುವ ಮೊದಲೇ ಗಾಜಿನ ಕಪಾಟು ತೆರೆದು ನನ್ನ ಪದಕಗಳನ್ನು ತೋರಿಸುತ್ತಾರೆ. ಆ ಹೊತ್ತಿಗೆ ನಾನು ಅಡುಗೆಮನೆಗೆ ಜಾರಿಕೊಳ್ಳುತ್ತೇನೆ. ಮಗಳಿಗೆ ನಾಚಿಕೆ ಎಂದು ಅಮ್ಮ ನಗುತ್ತಾರೆ. ನಾಚಿಕೆಯೇ ಹೌದು, ಆದರೆ ಅಮ್ಮ ಎಣಿಸಿದ್ದಲ್ಲ.

ಪಣಂಬೂರಿನ ಕಡಲಿನಲ್ಲಿ ಹಾಯಿದೋಣಿ ಕಲಿಯುತ್ತಿದ್ದ ಹುಡುಗಿಯರು ನಾವಿಬ್ಬರೇ. ಇನ್ನೊಬ್ಬಳು ಬ್ಯಾರಿಗಳ ಮನೆಯವಳು, ಅವಳ ತಂದೆಗೆ ಪಂಪ್‌ವೆಲ್ ಹತ್ತಿರ ಬಟ್ಟೆ ಅಂಗಡಿ. ಒಬ್ಬರೇ ಕೂತು ನಡೆಸುವ ಸಣ್ಣ ಡಿಂಗಿಗಳು ನಮ್ಮವು. ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಅವಳ ಹಾಯಿ ಆಗಲೇ ತಿರುಗಿರುತ್ತಿತ್ತು. ಸೋತು ನಗುನಗುತ್ತಾ ಕೈ ಕುಲುಕುವವರ ಪೈಕಿ ನಾನಲ್ಲ. ಆ ವರ್ಷ ಅವಳ ಬೆನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಡಿಂಗಿಯ ಒಳಗೆಲ್ಲ ಪೊಳ್ಳು. ಹಿಂಬದಿಯಲ್ಲಿ ಒಂದು ತೂತು, ಅದಕ್ಕೊಂದು ಪ್ಲಗ್. ಒಳಗೆ ಸೇರಿದ ನೀರು ಬಸಿದುಹೋಗಲೆಂದು ದಡದಲ್ಲಿ ಪ್ಲಗ್ ತೆಗೆದಿಡುತ್ತೇವೆ, ನೀರಿಗಿಳಿಸುವಾಗ ಮತ್ತೆ ಹಾಕಬೇಕು. ಹಾಯಿ ಏರಿಸಿ ದೋಣಿಯ ಮುಂಭಾಗ ಹಿಡಿದು ನಿಂತವಳಿಗೆ ಹಿಂಬದಿ ಕಾಣುವುದಿಲ್ಲ. ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಒಬ್ಬಳ ದೋಣಿಯ ಪ್ಲಗ್ಗನ್ನು ಇನ್ನೊಬ್ಬಳು ಮುಟ್ಟಿ ನೋಡುವುದು, ಹಾಕದಿದ್ದರೆ ಹಾಕುವುದು, ಆಮೇಲೆ ಹಿಂಬದಿಗೆ ಎರಡು ಸಲ ತಟ್ಟುವುದು. ತಟ್ಟಿದ ಸದ್ದು ಕೇಳಿದ ಮೇಲೆ ತಿರುಗಿ ನೋಡುವ ಕೆಲಸವಿರಲಿಲ್ಲ.

ರಾಜ್ಯ ತಂಡದ ಆಯ್ಕೆಯ ದಿನ. ಹುಡುಗಿಯರಿಗೆ ಇದ್ದದ್ದು ಒಂದೇ ಜಾಗ. ನನ್ನ ದೋಣಿಯನ್ನು ಅವಳು ನೋಡಿ, ತಟ್ಟಿ ಆಗಿತ್ತು. ನಾನು ಅವಳದರ ಹಿಂದೆ ಬಗ್ಗಿದೆ. ಪ್ಲಗ್ ದಾರದಲ್ಲಿ ನೇತಾಡುತ್ತಿತ್ತು. ಅದನ್ನು ತಿರುಪಿ ಕೂರಿಸಲು ಮೂರು ಸೆಕೆಂಡು ಸಾಕು. ನಾನು ತೂತನ್ನು ನೋಡಿದೆ, ನೇತಾಡುವ ಪ್ಲಗ್ಗನ್ನು ನೋಡಿದೆ, ಎರಡು ಸಲ ತಟ್ಟಿದೆ.

"ಓಕೆ ಮಾರಾಯ್ತಿ," ಅಂದು ಅವಳು ತಿರುಗಿಯೂ ನೋಡದೆ ದೋಣಿ ನೂಕಿದಳು.

ಕೈ ಅಭ್ಯಾಸಬಲದಿಂದ ತಟ್ಟಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಬೇಕೆಂದೇ ತಟ್ಟಿದ್ದು.

ಮೊದಲ ರೇಸಿನ ಅರ್ಧದವರೆಗೂ ಅವಳೇ ಮುಂದಿದ್ದಳು. ಆಮೇಲೆ ದೋಣಿ ಭಾರವಾಗುತ್ತಾ ಹೋಯಿತು. ಎರಡನೆಯ ರೇಸಿನಲ್ಲಿ ಹಿಂಬದಿ ನೀರಿಗೆ ಮಟ್ಟವಾಗಿ ಕೂತಿತು. ರಕ್ಷಣಾ ದೋಣಿ ಅವಳನ್ನು ಎಳೆದುಕೊಂಡು ದಡಕ್ಕೆ ಹೋಯಿತು. ನಾನು ಗೆದ್ದೆ. ವಾಪಸು ಬಂದಾಗ ಅವಳ ದೋಣಿಯನ್ನು ಓರೆ ಮಾಡಿ ಇಟ್ಟಿದ್ದರು, ನೀರು ಇನ್ನೂ ಸುರಿಯುತ್ತಲೇ ಇತ್ತು. ಕೋಚ್ ಎಲ್ಲರೆದುರು ಕೂಗಾಡುತ್ತಿದ್ದರು.

"ನನಗೆ ಮರೆತೇ ಹೋಯ್ತು ಸರ್," ಅಂದಳು. ತಟ್ಟಿದ ವಿಷಯ ಎತ್ತಲೇ ಇಲ್ಲ. ನಾನು ಹೋಗಿ ಅವಳನ್ನು ತಬ್ಬಿಕೊಂಡೆ. ಅಂಥವಳು ನಾನು.

ಅವಳ ತಂದೆ ಆ ವಾರವೇ ಅವಳಿಗೆ ದೋಣಿ ಬಿಡಿಸಿದರು. ಒಂದು ಪ್ಲಗ್ ನೆನಪಿಲ್ಲದವಳು ಕಡಲಿಗೆ ಹೋಗುವುದು ಬೇಡ ಎಂದರಂತೆ. ಮಗಳ ಜೀವದ ಮೇಲೆ ಆಸೆ ಇರುವ ಯಾವ ತಂದೆಯೂ ಹೇಳುವ ಮಾತು. ನಾನು ಮುಂದೆ ಹೋದೆ. ಗೋವಾ, ಮುಂಬೈ, ಚೆನ್ನೈ, ಆರು ವರ್ಷ. ಈಗಲೂ ನೀರಿಗಿಳಿಯುವ ಮೊದಲು ನನ್ನ ಪ್ಲಗ್ಗನ್ನು ನಾನೇ ನಾಲ್ಕು ಸಲ ಮುಟ್ಟಿ ನೋಡುತ್ತೇನೆ. ಬೇರೆಯವರಿಗೆ ಬಿಡುವ ಧೈರ್ಯವಿಲ್ಲ. ನನ್ನಂಥವರು ಇರುತ್ತಾರೆ ಎಂದು ನನಗೆ ಗೊತ್ತಲ್ಲ!

ಕಳೆದ ತಿಂಗಳು ಅಮ್ಮ ಲೈನಿಂಗ್ ಬಟ್ಟೆ ತರಲು ಪಂಪ್‌ವೆಲ್‌ಗೆ ಕಳಿಸಿದರು. ಬೇರೆ ಅಂಗಡಿಗೆ ಹೋಗಬಹುದಿತ್ತು, ಹೋಗಲಿಲ್ಲ. ಅವಳೇ ಕೌಂಟರಿನಲ್ಲಿ ನಿಂತು ಬಟ್ಟೆ ಅಳೆಯುತ್ತಿದ್ದಳು.

"ನಿನ್ನ ಫೋಟೋ ಪೇಪರಲ್ಲಿ ನೋಡಿದೆ. ಇನ್ನು ಎಲ್ಲಿಗೆ?" ಎಂದು ನನ್ನ ಲೈನಿಂಗ್ ಕತ್ತರಿಸುತ್ತಾ ಕೇಳಿದಳು. ಮುಖದಲ್ಲಿ ನಿಜವಾದ ಸಂತೋಷ. ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ.

ಅವಳ ಕೈಯ ಕತ್ತರಿ ನಿಂತಿತು. ಅದನ್ನು ಬಟ್ಟೆಯ ಮೇಲಿಟ್ಟು ಬಾಗಿಲ ಕಡೆ ಕೈ ತೋರಿದಳು.

"ಬಾಪ ಅಲ್ಲಿದ್ದಾರೆ. ಅವರಿಗೆ ಹೇಳು."

ತಂದೆ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದರು. "ಎಂತ ಮಗಳೇ, ಬಹಳ ಅಪರೂಪ!" ಎಂದು ಕುರ್ಚಿ ಎಳೆದುಕೊಟ್ಟರು. ನಾನು ಕೂರಲಿಲ್ಲ. ಎರಡನೆಯ ಸಲ ಹೇಳುವುದು ಸುಲಭವಾಗಬಹುದೆಂದುಕೊಂಡಿದ್ದೆ, ಆಗಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಗಳನ್ನು ಕೇಳಿದರು.

"ಇವಳು ತಟ್ಟಿದ್ದು ನಿನಗೆ ಕೇಳಿತ್ತಲ್ಲ. ಆವತ್ತೇ ಯಾಕೆ ಹೇಳಲಿಲ್ಲ?"

"ಅವಳೂ ಮರೆತದ್ದು ಅಂತ ಎಣಿಸಿದೆ ಬಾಪ. ಹೇಳಿದ್ರೆ ಅವಳನ್ನೂ ಮನೆಯಲ್ಲಿ ಬಿಡಿಸ್ತಾರೆ ಅಂತ ಸುಮ್ಮನಾದೆ."

ಅಂಗಡಿಗೆ ಯಾರೋ ಗಿರಾಕಿ ಬಂದರು. ಅವಳು ಕಣ್ಣೊರೆಸಿಕೊಂಡು ನನ್ನ ಲೈನಿಂಗ್ ಬಟ್ಟೆಯನ್ನು ಮಡಚಿ, ಕವರಿಗೆ ಹಾಕಿ, ನನ್ನ ಕೈಗೆ ಕೊಡದೆ ಕೌಂಟರಿನ ಮೇಲೆ ಇಟ್ಟಳು.