ಮಾರ್ಚ್ ಮೂವತ್ತೊಂದರ ಬಾಡಿಗೆದಾರ
ಕೊಯಮತ್ತೂರಿನ ಹತ್ತಿ ಗಿರಣಿಯ ಗುಮಾಸ್ತ ವ್ಯಾಸರಾಯರಿಗೆ ವರ್ಷದಲ್ಲಿ ಹನ್ನೊಂದು ತಿಂಗಳು ಮನೆಯಿತ್ತು, ಒಂದು ತಿಂಗಳು ದಿಗಿಲಿತ್ತು. ಮಾರ್ಚ್ ಮೂವತ್ತೊಂದರೊಳಗೆ ಮಾಲೀಕರು ಮನೆ ಬಿಡಿ ಎಂದು ಬರೆದು ಕೊಡದಿದ್ದರೆ ಬಾಡಿಗೆ ಕರಾರು ತಾನಾಗಿ ಇನ್ನೊಂದು ವರ್ಷ ಮುಂದುವರಿಯಬೇಕು. ಕರಾರುಪತ್ರದ ಆ ಸಾಲನ್ನು ರಾಯರು, ನೆಗಮಂ ಸೀರೆಯ ಸೆರಗು ಬಿಡಿಸುವ ವ್ಯಾಪಾರಿಯಂತೆ, ಕೇಳದವರ ಮುಂದೆಯೂ ಬಿಡಿಸುತ್ತಿದ್ದರು. ಮಾರ್ಚ್ ಬಂದರೆ ಮಾತ್ರ ಅಂಚೆಯವನ ಸೈಕಲ್ ಗಂಟೆ ಕೇಳಿ ಹಿತ್ತಲಿಗೆ ಓಡುವರು. ಮಾಲೀಕ ಸೆಲ್ಲಪ್ಪ ಗೌಂಡರು ತಮ್ಮೂರು ಅವಿನಾಶಿಯಿಂದ ಬಂದು, "ಏನ್ ರಾಯರೇ, ಮಗನಿಗೆ ಮದುವೆಯಾಯ್ತು, ಮನೆ ಬೇಕಲ್ಲ?" ಎಂದರೆ, "ಬರೆದು ಕೊಡಿ ಗೌಂಡರೇ, ನಾಳೆಯೇ ಬಿಡ್ತೀನಿ" ಎನ್ನುವರು. "ಬರೀತಾ ಕೂರೋದು ಯಾರು? ಮೊದಲು ಕಾಫಿ ಕೊಡಿ," ಎಂದು ಗೌಂಡರು ಕುಡಿದು ಹೋಗುವರು. ಸ್ವಾತಂತ್ರ್ಯ ಬಂದ ವರ್ಷ ಸೇರಿದ ಮನೆಯಲ್ಲಿ ಹೀಗೆ ಎಂಟು ವರ್ಷ ಕಳೆಯಿತು. ದೊಡ್ಡ ಪಾತ್ರೆಗಳು ಇನ್ನೂ ಗೋಣಿಯಲ್ಲಿದ್ದವು, ದೇವರ ಪಟಗಳು ನೆಲದ ಮೇಲೆ ಗೋಡೆಗೊರಗಿ ನಿಂತಿದ್ದವು, ಹಿತ್ತಲಲ್ಲಿ ಕರಿಬೇವು ಸೀಮೆಎಣ್ಣೆ ಡಬ್ಬದಲ್ಲಿ ಬೆಳೆಯುತ್ತಿತ್ತು. "ಒಂದು ಮೊಳೆನಾದ್ರೂ ಹೊಡೀರಿ," ಎಂದು ಹೆಂಡತಿ ರುಕ್ಮಿಣಮ್ಮ ಹೇಳಿದರೆ, "ಯಾವಾಗ ಏಳಿ ಅಂತಾರೋ, ಸುಮ್ನಿರೇ," ಎನ್ನುವರು. ಈ ಏಪ್ರಿಲ್ ಒಂದರಂದು, ಮತ್ತೊಂದು ವರ್ಷ ಉಳಿದ ಸಮಾಧಾನದಲ್ಲಿ, ರಾಯರು ಕರಿಬೇವಿನ ಡಬ್ಬವನ್ನು ನೆರಳಿಗೆ ಸರಿಸಲು ಹೋದರು. ಅದು ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ತಳ ತುಕ್ಕು ಹಿಡಿದು ಉದುರಿಹೋಗಿತ್ತು, ಬೇರು ಯಾವಾಗಲೋ ಗೌಂಡರ ನೆಲಕ್ಕಿಳಿದಿತ್ತು. ರಾಯರು ಸೊಂಟ ಹಿಡಿದುಕೊಂಡು ಅಲ್ಲೇ ಕೂತರು. ಆಮೇಲೆ ಒಳಗಿದ್ದ ಹೆಂಡತಿಯನ್ನು, "ಮೊಳೆ ಎಲ್ಲಿಟ್ಟಿದೀಯೆ?" ಎಂದು ಕೇಳಿದರು.